ಪಲ್ಪರ್‌ನ ಸ್ಪ್ರಿಂಗಿಗೆ ಪೇಟೆಂಟ್ ಸಿಕ್ಕರೆ ಪಕ್ಕದ ವರ್ಕ್‌ಶಾಪಿನ ಗತಿ ಏನು?

ಅರೇಬಿಕಾ ಕೊಯ್ಲು ಜೋರಾಗುವ ಡಿಸೆಂಬರ್ ಹೊತ್ತಿಗೆ ಚಿಕ್ಕಮಗಳೂರು ಕಡೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ರಿಪೇರಿಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಬರುವ ದೂರು ಹೆಚ್ಚುಕಮ್ಮಿ ಒಂದೇ: ಉಬ್ಬುಗಳಿರುವ ತಗಡು ಸುತ್ತಿದ ಸಿಲಿಂಡರಿಗೂ ಅದರ ಎದುರಿನ ತಟ್ಟೆಗೂ ನಡುವಿನ ಸಂದು ಸರಿಯಿಲ್ಲ. ಸಂದು ಕಿರಿದಾದರೆ ದಪ್ಪ ಹಣ್ಣಿನ ಬೀಜ ಜಜ್ಜಿಹೋಗುತ್ತದೆ. ಗಾಯವಾದ ಬೀಜ ತೊಟ್ಟಿಯಲ್ಲಿ ಹುದುಗುವಾಗ ಬಣ್ಣಗೆಟ್ಟು ಇಡೀ ಲಾಟಿನ ರುಚಿ ಕೆಡಿಸುತ್ತದೆ. ಸಂದು ಅಗಲವಾದರೆ ಸಣ್ಣ ಹಣ್ಣುಗಳು ಸಿಪ್ಪೆ ಸಮೇತ ನುಸುಳಿ, ಸಿಪ್ಪೆ ಸುಲಿದ ಬೀಜವಾದ ಪಾರ್ಚ್‌ಮೆಂಟಿನ ಜೊತೆ ಸೇರುತ್ತವೆ. ಒಂದೇ ತೋಟದ ಹಣ್ಣುಗಳೂ ಒಂದೇ ಗಾತ್ರದವಲ್ಲ. ಮೊದಲ ಕೊಯ್ಲಿನದು ಬೇರೆ, ಕೊನೆಯದು ಬೇರೆ. ಹಾಗಾಗಿ ಸ್ಪ್ಯಾನರ್ ಹಿಡಿದು ಬೋಲ್ಟ್ ತಿರುಗಿಸುವ ಕೆಲಸ ಮುಗಿಯುವುದೇ ಇಲ್ಲ.

ಯಾವನೋ ಒಬ್ಬ ಫಿಟ್ಟರ್ ಇದಕ್ಕೊಂದು ದಾರಿ ಕಂಡುಕೊಂಡ ಎಂದಿಟ್ಟುಕೊಳ್ಳೋಣ. ತಟ್ಟೆಯನ್ನು ಬೋಲ್ಟಿನಿಂದ ಬಿಗಿಯುವ ಬದಲು ಹಿಂದೆ ಸ್ಪ್ರಿಂಗ್ ಕೂರಿಸಿದ. ದಪ್ಪ ಹಣ್ಣು ಬಂದಾಗ ತಟ್ಟೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ಹಣ್ಣು ದಾಟಿದ ಮೇಲೆ ಮುಂದೆ ಬರುತ್ತದೆ. ಅವನಿಗೆ ಪೇಟೆಂಟ್ ಕೊಟ್ಟರೆ ಇನ್ನಷ್ಟು ಜನ ಇಂಥದ್ದನ್ನು ಹುಡುಕಲು ಹೊರಡುತ್ತಾರೋ, ಅಥವಾ ಅದೇ ಬೀದಿಯ ಮತ್ತೊಬ್ಬ ಫಿಟ್ಟರ್ ಆ ಸ್ಪ್ರಿಂಗನ್ನು ಇನ್ನೂ ಚೆನ್ನಾಗಿ ಮಾಡಬಹುದಾಗಿದ್ದವನು ಇಪ್ಪತ್ತು ವರ್ಷ ಕೈಕಟ್ಟಿ ಕೂರುತ್ತಾನೋ? ಪೇಟೆಂಟ್ ಬಗ್ಗೆ ನಡೆಯುವ ಜಗಳವೆಲ್ಲ ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಗೆ. ನಮ್ಮ ಉತ್ತರ ಇದು: ಪೇಟೆಂಟ್ ಇದೆಯೋ ಇಲ್ಲವೋ ಎನ್ನುವುದಕ್ಕಿಂತ ಅದರ ಕ್ಲೇಮ್, ಅಂದರೆ ಹಕ್ಕಿನ ಗಡಿ ಹೇಳುವ ಬರಹ, ಎಷ್ಟು ಅಗಲ, ಮತ್ತು ಆ ಕ್ಷೇತ್ರದಲ್ಲಿ ಒಬ್ಬರ ಕೆಲಸ ಇನ್ನೊಬ್ಬರ ಕೆಲಸದ ಮೇಲೆ ಎಷ್ಟು ನಿಂತಿದೆ ಎನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೊದಲು ಒಂದು ತಪ್ಪು ತಿಳಿವಳಿಕೆ ಕಳಚಬೇಕು. ಪೇಟೆಂಟ್ ಸಿಕ್ಕಿದರೆ ಯಂತ್ರ ಮಾಡಿ ಮಾರುವ ಹಕ್ಕು ಸಿಕ್ಕಿತು ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಸಿಗುವುದು ಬೇರೆಯವರನ್ನು ತಡೆಯುವ ಹಕ್ಕು ಮಾತ್ರ. 1970ರ ಪೇಟೆಂಟ್ ಕಾಯ್ದೆಯ ಕಲಂ 48ರ ಪ್ರಕಾರ ಮಾಡುವುದು, ಬಳಸುವುದು, ಮಾರುವುದು, ಮಾರಾಟಕ್ಕಿಡುವುದು, ಆಮದು ಮಾಡುವುದು, ಇಷ್ಟನ್ನೂ ತಡೆಯಬಹುದು. 'ಬಳಸುವುದು' ಎಂಬ ಪದವನ್ನು ಗಮನಿಸಿ: ನಕಲಿ ಯಂತ್ರ ಕೊಂಡು ತೋಟದಲ್ಲಿ ಓಡಿಸುವ ಎಸ್ಟೇಟ್ ಮಾಲೀಕರೂ ಇದರೊಳಗೆ ಬರುತ್ತಾರೆ. ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ. ಇದಕ್ಕೆ ಪ್ರತಿಯಾಗಿ ಅರ್ಜಿದಾರ ತನ್ನ ಗುಟ್ಟನ್ನು, ಆ ಕಸುಬು ಬಲ್ಲ ಇನ್ನೊಬ್ಬ ಓದಿ ಮಾಡುವಷ್ಟು ವಿವರವಾಗಿ, ನಕ್ಷೆ ಸಮೇತ ಬರೆದುಕೊಡಬೇಕು. ಅರ್ಜಿ ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತದೆ.

ತಡೆಯುವ ಹಕ್ಕು ಮತ್ತು ಮಾಡುವ ಹಕ್ಕು ಬೇರೆಬೇರೆ ಎನ್ನುವುದಕ್ಕೆ ಜೇಮ್ಸ್ ವಾಟ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಉಗಿ ಇಂಜಿನ್ನಿನ ಪೇಟೆಂಟ್ ಅವನ ಕೈಯಲ್ಲೇ ಇತ್ತು. ಆದರೆ ಪಿಸ್ಟನ್ನಿನ ಮೇಲೆ-ಕೆಳಗಿನ ಚಲನೆಯನ್ನು ಚಕ್ರದ ಸುತ್ತಾಟಕ್ಕೆ ತಿರುಗಿಸುವ ಕ್ರ್ಯಾಂಕ್ ಬಳಕೆಗೆ 1780ರಲ್ಲಿ ಜೇಮ್ಸ್ ಪಿಕಾರ್ಡ್ ಪೇಟೆಂಟ್ ಪಡೆದುಬಿಟ್ಟಿದ್ದ. ವಾಟ್ ಅದನ್ನು ತಪ್ಪಿಸಲು 1781ರಲ್ಲಿ ಒಂದು ಹಲ್ಲುಚಕ್ರದ ಸುತ್ತ ಇನ್ನೊಂದು ಹಲ್ಲುಚಕ್ರ ಸುತ್ತುವ ಏರ್ಪಾಟು ಹೂಡಬೇಕಾಯಿತು. ಕ್ರ್ಯಾಂಕಿಗೆ ಹೋಲಿಸಿದರೆ ಇದು ಗೋಜಲು, ಸವೆತವೂ ಹೆಚ್ಚು. ಪಿಕಾರ್ಡ್‌ನ ಪೇಟೆಂಟ್ ಇಲ್ಲದಿದ್ದರೆ ಅದರ ಅಗತ್ಯವೇ ಇರಲಿಲ್ಲ.

ಈಗ ಕ್ಲೇಮ್ ಎಂದರೇನು ನೋಡೋಣ, ಏಕೆಂದರೆ ಪೇಟೆಂಟಿನ ಜೀವ ಇರುವುದೇ ಅಲ್ಲಿ. ಇಪ್ಪತ್ತು ಪುಟದ ದಾಖಲೆಯಲ್ಲಿ ಕೊನೆಯ ಒಂದೆರಡು ಪುಟದ ಕ್ಲೇಮುಗಳೇ ಗಡಿ ಗುರುತಿಸುವುದು, ಉಳಿದದ್ದೆಲ್ಲ ವಿವರಣೆ. ನಮ್ಮ ಫಿಟ್ಟರ್ ಹೀಗೆ ಬರೆದ ಎನ್ನಿ: "ತಿರುಗುವ ಸಿಲಿಂಡರ್, ಅದರ ಎದುರಿಗೆ ತಟ್ಟೆ, ಹಣ್ಣಿನ ಗಾತ್ರಕ್ಕೆ ತಕ್ಕಂತೆ ಸಂದು ಬದಲಾಗುವ ಯಾವುದೇ ಏರ್ಪಾಟು ಇರುವ ಕಾಫಿ ಪಲ್ಪರ್." ಇದು ಅಗಲವಾದ ಕ್ಲೇಮ್. ಸ್ಪ್ರಿಂಗ್ ಆಗಲಿ, ರಬ್ಬರ್ ಆಗಲಿ, ಗಾಳಿ ಒತ್ತಡ ಆಗಲಿ, ಎಲ್ಲವೂ ಇದರ ಹೊಟ್ಟೆಯೊಳಗೆ. ಹೀಗಲ್ಲದೆ, "ತಟ್ಟೆಯ ಮೇಲಂಚು ಕೀಲಿನ ಮೇಲೆ ತೂಗುತ್ತದೆ, ಕೆಳಗಂಚಿನ ಹಿಂದೆ ಎರಡು ಸುರುಳಿ ಸ್ಪ್ರಿಂಗ್ ಇವೆ, ಪ್ರತಿ ಸ್ಪ್ರಿಂಗಿನ ಒತ್ತಡವನ್ನು ಹೊರಗಿನ ಹಿಡಿಕೆಯಿಂದ ಬೇರೆಬೇರೆಯಾಗಿ ಹೊಂದಿಸಬಹುದು" ಎಂದು ಬರೆದರೆ ಕಿರಿದಾದ ಕ್ಲೇಮ್. ನಿಯಮ ಸರಳ: ಕ್ಲೇಮಿನಲ್ಲಿ ಹೇಳಿದ ಎಲ್ಲ ಅಂಶಗಳೂ, ಅಥವಾ ಅವುಗಳಿಗೆ ತತ್ಸಮಾನವಾದವು, ಎದುರಾಳಿಯ ಯಂತ್ರದಲ್ಲಿದ್ದರೆ ಉಲ್ಲಂಘನೆ. ಒಂದು ಅಂಶ ನಿಜವಾಗಿಯೂ ಇಲ್ಲದಿದ್ದರೆ ಅವನು ಪಾರು. ಹಾಗಾಗಿ ಕ್ಲೇಮಿನಲ್ಲಿ ಪದ ಹೆಚ್ಚಾದಷ್ಟೂ ಹಕ್ಕು ಕಡಿಮೆ. ಹೊಸದಾಗಿ ಅರ್ಜಿ ಬರೆಯುವವರು ಮಾಡುವ ತಪ್ಪು ಇದೇ. ಯಂತ್ರದ ಹೆಮ್ಮೆಯಲ್ಲಿ ಬೇರಿಂಗ್ ನಂಬರ್, ಮೋಟಾರಿನ ಹೆಚ್‌ಪಿ, ಬಣ್ಣ ಎಲ್ಲವನ್ನೂ ಮೊದಲ ಕ್ಲೇಮಿಗೇ ತುಂಬುತ್ತಾರೆ. ನಕಲು ಮಾಡುವವನು ಬೇರೆ ಬೇರಿಂಗ್ ಹಾಕಿ ನಗುತ್ತಾ ಹೋಗುತ್ತಾನೆ.

ಮೊದಲ ಬಗೆಯ ಅಗಲ ಕ್ಲೇಮ್ ಮಂಜೂರಾದರೆ ಮಾತ್ರ ಇಡೀ ಬೀದಿ ಕಟ್ಟಿಹಾಕಿದಂತೆ. ಪರೀಕ್ಷಕರು ಅದನ್ನು ಒಪ್ಪಬಾರದು. ತಟ್ಟೆಯ ಹಿಂದೆ ಸ್ಪ್ರಿಂಗ್ ಇಡುವುದು ಯಂತ್ರ ಕೆಲಸ ಬಲ್ಲವನಿಗೆ ಹೊಳೆಯದ ವಿಷಯವೇನಲ್ಲ, ಆದ್ದರಿಂದ 'ಆವಿಷ್ಕಾರದ ಹೆಜ್ಜೆ' ಎಲ್ಲಿದೆ ಎಂದು ಅವರು ಕೇಳಲೇಬೇಕು. ಕೇಳದೆ ಬಿಟ್ಟಾಗ ಏನಾಗುತ್ತದೆ ಎನ್ನುವುದಕ್ಕೆ ಮತ್ತೆ ವಾಟ್ ಕಡೆಗೇ ಹೋಗಬೇಕು. ಉಗಿಯನ್ನು ಬೇರೆ ಪಾತ್ರೆಯಲ್ಲಿ ತಣಿಸುವ ಉಪಾಯಕ್ಕೆ ಅವನಿಗೆ 1769ರಲ್ಲಿ ಪೇಟೆಂಟ್ ಸಿಕ್ಕಿತು. 1775ರಲ್ಲಿ ಬ್ರಿಟಿಷ್ ಪಾರ್ಲಿಮೆಂಟ್ ಪ್ರತ್ಯೇಕ ಕಾಯ್ದೆ ಮಾಡಿ ಅದನ್ನು 1800ರವರೆಗೆ ವಿಸ್ತರಿಸಿತು. ಅವನ ಬರಹ ಯಂತ್ರಕ್ಕಿಂತ ತತ್ತ್ವವನ್ನೇ ಹಿಡಿದಿತ್ತು. ಜೊನಾಥನ್ ಹಾರ್ನ್‌ಬ್ಲೋವರ್ ಎರಡು ಸಿಲಿಂಡರಿನಲ್ಲಿ ಉಗಿಯನ್ನು ಎರಡು ಸಲ ದುಡಿಸುವ ಇಂಜಿನ್ ಮಾಡಿದ. ವಾಟ್ ಮತ್ತು ಅವನಿಗೆ ಬಂಡವಾಳ ಹಾಕಿದ ಪಾಲುದಾರ ಬೋಲ್ಟನ್ ಕೋರ್ಟಿನಲ್ಲಿ ಗೆದ್ದರು, ಆ ದಾರಿ ಮುಚ್ಚಿಹೋಯಿತು. ವಾಟ್‌ಗೆ ಹೆಚ್ಚು ಒತ್ತಡದ ಉಗಿ ಇಷ್ಟವಿರಲಿಲ್ಲ. 1800 ಕಳೆದ ಮೇಲೆ ರಿಚರ್ಡ್ ಟ್ರೆವಿಥಿಕ್, ಆರ್ಥರ್ ವುಲ್ಫ್ ಮೊದಲಾದವರು ಅದೇ ದಾರಿ ಹಿಡಿದರು. ಕಾರ್ನ್‌ವಾಲಿನ ಗಣಿಗಳವರು 1811ರಿಂದ ಪ್ರತಿ ತಿಂಗಳು ಯಾವ ಇಂಜಿನ್ ಎಷ್ಟು ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಎಂದು ಪಟ್ಟಿ ಅಚ್ಚು ಹಾಕಿಸಿ ಹಂಚತೊಡಗಿದರು. ಒಬ್ಬನ ಸುಧಾರಣೆ ಇನ್ನೊಬ್ಬನಿಗೆ ತಿಂಗಳೊಳಗೆ ಗೊತ್ತಾಗುತ್ತಿತ್ತು, ಇಂಜಿನ್‌ಗಳು ವರ್ಷ ವರ್ಷ ಉತ್ತಮಗೊಂಡವು. ಪೇಟೆಂಟ್ ವಿರೋಧಿಗಳು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ, ಅದು ಪೂರ್ತಿ ನ್ಯಾಯವಲ್ಲ. ವಿಸ್ತರಣೆ ಸಿಗದಿದ್ದರೆ ಮ್ಯಾಥ್ಯೂ ಬೋಲ್ಟನ್ ದುಡ್ಡು ಹಾಕುವುದೇ ಅನುಮಾನವಿತ್ತು, ಆಗ ವಾಟ್‌ನ ಇಂಜಿನ್ ಕಾಗದದಲ್ಲೇ ಉಳಿಯುತ್ತಿತ್ತು. ಪೇಟೆಂಟ್ ಕೊಟ್ಟದ್ದರಲ್ಲಿ ತಪ್ಪಿರಲಿಲ್ಲ. ಅಷ್ಟು ಅಗಲವಾಗಿ, ಅಷ್ಟು ಉದ್ದಕ್ಕೆ ಕೊಟ್ಟದ್ದು ತಪ್ಪಾಯಿತು.

ಔಷಧದ ಲೆಕ್ಕ ಬೇರೆ. ಒಂದು ಹೊಸ ಅಣುವನ್ನು ಕಂಡುಹಿಡಿದು, ಮನುಷ್ಯರ ಮೇಲೆ ಪ್ರಯೋಗ ಮಾಡಿ, ಅನುಮತಿ ಪಡೆಯುವ ಹೊತ್ತಿಗೆ ವರ್ಷಗಟ್ಟಲೆ ಸಮಯವೂ ಅಪಾರ ಹಣವೂ ಹೋಗಿರುತ್ತದೆ. ಮಾತ್ರೆ ಅಂಗಡಿಗೆ ಬಂದ ಮೇಲೆ ಅದರಲ್ಲೇನಿದೆ ಎಂದು ಪತ್ತೆಹಚ್ಚಿ ನಕಲು ಮಾಡುವುದು ಒಳ್ಳೆಯ ರಸಾಯನಶಾಸ್ತ್ರಜ್ಞರಿಗೆ ಕಷ್ಟವಲ್ಲ. ಇಲ್ಲಿ ಪೇಟೆಂಟ್ ಇಲ್ಲದಿದ್ದರೆ ಖಾಸಗಿಯವರು ಹಣ ಹೂಡುವುದು ಕಷ್ಟ. ಇಷ್ಟಾದರೂ ಭಾರತದ ಅನುಭವ ಈ ವಾದಕ್ಕೆ ಪೂರ್ತಿ ತಲೆಯಾಡಿಸುವುದಿಲ್ಲ. 1970ರ ಕಾಯ್ದೆ ಔಷಧ ಮತ್ತು ಆಹಾರದಲ್ಲಿ ವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅದೇ ಔಷಧವನ್ನು ಬೇರೆ ವಿಧಾನದಲ್ಲಿ ಮಾಡುವ ಕೌಶಲ ನಮ್ಮ ಕಂಪನಿಗಳಿಗೆ ಬಂದದ್ದು ಆಗಲೇ. 2005ರ ಜನವರಿ 1ರಿಂದ ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದದಂತೆ ವಸ್ತುವಿನ ಪೇಟೆಂಟೂ ಬಂತು, ಜೊತೆಗೆ ಕಲಂ 3(ಡಿ) ಎಂಬ ಲಗಾಮೂ ಬಂತು: ಹಳೆಯ ಔಷಧದ ಹೊಸ ರೂಪಕ್ಕೆ ಪೇಟೆಂಟ್ ಬೇಕಾದರೆ ಅದು ಹೆಚ್ಚು ಪರಿಣಾಮಕಾರಿ ಎಂದು ತೋರಿಸಬೇಕು. 2013ರಲ್ಲಿ ಸುಪ್ರೀಂ ಕೋರ್ಟ್ ನೋವಾರ್ಟಿಸ್‌ನ ರಕ್ತಕ್ಯಾನ್ಸರ್ ಔಷಧ ಗ್ಲಿವೆಕ್‌ಗೆ ಪೇಟೆಂಟ್ ನಿರಾಕರಿಸಿದ್ದು ಈ ಕಲಂ ಮೇಲೆಯೇ. ಅದಕ್ಕೂ ಒಂದು ವರ್ಷ ಹಿಂದೆ, 2012ರಲ್ಲಿ, ಬೇಯರ್‌ನ ಕ್ಯಾನ್ಸರ್ ಔಷಧ ನೆಕ್ಸಾವರ್‌ಗೆ ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿ ಆಗುತ್ತಿದ್ದಾಗ, ನ್ಯಾಟ್ಕೋ ಕಂಪನಿಗೆ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇದ್ದವರ ಒಪ್ಪಿಗೆ ಇಲ್ಲದೆಯೂ ತಯಾರಿಸಲು ಸರ್ಕಾರ ಕೊಡುವ ಅನುಮತಿ) ಸಿಕ್ಕಿ ಬೆಲೆ ಸುಮಾರು 8,800ಕ್ಕೆ ಇಳಿಯಿತು. ಬೇಯರ್‌ಗೆ ರಾಯಲ್ಟಿ ಕೊಡಬೇಕೆಂಬ ಷರತ್ತು ಇದ್ದೇ ಇತ್ತು.

ದುಡ್ಡಿಲ್ಲದ ಸಂಶೋಧಕನಿಗೆ ಪೇಟೆಂಟ್ ಮಾರಬಹುದಾದ ಆಸ್ತಿಯೂ ಹೌದು. ಕಾಫಿಯಲ್ಲೇ ಉದಾಹರಣೆ ಇದೆ. ಉಗಿಯ ಒತ್ತಡದಲ್ಲಿ ಕಾಫಿ ಇಳಿಸುವ ಯಂತ್ರಕ್ಕೆ 1884ರಲ್ಲಿ ಇಟಲಿಯ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ ಪೇಟೆಂಟ್ ಪಡೆದ. ತನ್ನ ಅಂಗಡಿಗಳಿಗೆ ಕೆಲವು ಯಂತ್ರ ಮಾಡಿಕೊಂಡದ್ದು ಬಿಟ್ಟರೆ ಅದು ಮಾರುಕಟ್ಟೆಗೆ ಬರಲೇ ಇಲ್ಲ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಸುಧಾರಿತ ಯಂತ್ರಕ್ಕೆ ಪೇಟೆಂಟ್ ಪಡೆದ. ಅವನಲ್ಲೂ ಬಂಡವಾಳ ಇರಲಿಲ್ಲ, ಆದರೆ ಹಕ್ಕನ್ನು ಡೆಸಿಡೆರಿಯೊ ಪವೋನಿಗೆ ಮಾರಿದ. ಪವೋನಿ ಯಂತ್ರಗಳನ್ನು ತಯಾರಿಸಿ ಮಾರಿದ, ಎಸ್ಪ್ರೆಸೊ ಹರಡಿತು. ಪೇಟೆಂಟ್ ಇಲ್ಲದಿದ್ದರೆ ಬೆಜ್ಜೆರಾ ತನ್ನ ಉಪಾಯವನ್ನು ಪವೋನಿಗೆ ತೋರಿಸುವುದೇ ಅಪಾಯ: ನೋಡಿದವನು "ಆಯ್ತು, ಹೋಗಿ ಬನ್ನಿ" ಎಂದರೆ ಮುಗಿಯಿತು.

ಆದರೆ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಜನರಿಗೆ ನಿಜವಾಗಿ ಅನ್ನ ಹಾಕಿದ ಸಂಶೋಧನೆಯಲ್ಲಿ ಬಹುಪಾಲು ಪೇಟೆಂಟ್ ಇಲ್ಲದೆಯೇ ಬಂದದ್ದು. 1925ರಿಂದ ಕೆಲಸ ಮಾಡುತ್ತಿರುವ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಎಸ್.795 ತಳಿಯನ್ನೇ ತೆಗೆದುಕೊಳ್ಳಿ. ಅದು ಎಸ್.288 ಮತ್ತು ಕೆಂಟ್ಸ್ ಎಂಬ ಎರಡು ತಳಿಗಳ ಸಂಕರ. ಕೆಂಟ್ಸ್ ಅಂತೂ ಮೈಸೂರು ಸೀಮೆಯ ತೋಟವೊಂದರಲ್ಲಿ ಕೆಂಟ್ ಎಂಬ ಪ್ಲಾಂಟರ್ ಎಲೆತುಕ್ಕು ರೋಗಕ್ಕೆ ಬಗ್ಗದ ಗಿಡ ನೋಡಿ ಆರಿಸಿದ್ದು. ಅವನ ಆಯ್ಕೆಗೆ ಯಾರೂ ಬೀಗ ಹಾಕದ್ದರಿಂದಲೇ ಬಾಳೆಹೊನ್ನೂರಿನವರಿಗೆ ಅದನ್ನು ಮುಂದಿನ ತಳಿಗೆ ಬಳಸಲು ಸಾಧ್ಯವಾಯಿತು. ಖರ್ಚು ಸಾರ್ವಜನಿಕ ಹಣದ್ದು, ಬೆಳೆಗಾರ ರಾಯಲ್ಟಿ ಕಟ್ಟಲಿಲ್ಲ. ಹಾಸನದ ಆಲೂಗಡ್ಡೆಯೂ ಹಾಗೆಯೇ. ಮುಂಗಾರಿಗೆ ಮುಂಚೆ ಜಲಂಧರದಿಂದ ಲಾರಿಗಳಲ್ಲಿ ಬರುವ ಕುಫ್ರಿ ಜ್ಯೋತಿ ಬಿತ್ತನೆ ಗಡ್ಡೆ ಕೇಂದ್ರ ಸರ್ಕಾರದ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿ.

ಗಿಡ, ಬೀಜಗಳಿಗೆ ನಮ್ಮಲ್ಲಿ ಪೇಟೆಂಟ್ ಸಿಗುವುದಿಲ್ಲ. ಕಲಂ 3(ಜೆ) ಅದನ್ನು ಹೊರಗಿಟ್ಟಿದೆ. ಬದಲಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇದೆ. ಅದರಡಿ ತಳಿಗಾರನಿಗೆ ಮರ ಮತ್ತು ಬಳ್ಳಿಗಳಿಗೆ 18 ವರ್ಷ, ಉಳಿದ ಬೆಳೆಗಳಿಗೆ 15 ವರ್ಷ ಹಕ್ಕು. ಆದರೆ ರೈತ ತಾನು ಬೆಳೆದ ಬೀಜವನ್ನು ಉಳಿಸಿ, ಬಿತ್ತಿ, ಹಂಚಿ, ಮಾರಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರಬಾರದು, ಅಷ್ಟೇ. 2019ರಲ್ಲಿ ಪೆಪ್ಸಿಕೋ ತನ್ನ ಚಿಪ್ಸ್ ತಳಿ ಎಫ್‌ಎಲ್ 2027 ಬೆಳೆದರೆಂದು ಗುಜರಾತಿನ ಕೆಲವು ರೈತರ ಮೇಲೆ ತಲಾ 1 ಕೋಟಿ ರೂಪಾಯಿಗೂ ಹೆಚ್ಚಿನ ದಾವೆ ಹೂಡಿತು. ದೇಶದಾದ್ಯಂತ ಗದ್ದಲವಾಗಿ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. 2021ರಲ್ಲಿ ಈ ಕಾಯ್ದೆಯಡಿಯ ಪ್ರಾಧಿಕಾರ ಆ ತಳಿಯ ನೋಂದಣಿಯನ್ನೇ ರದ್ದು ಮಾಡಿತು, 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ರದ್ದತಿಯನ್ನು ತಳ್ಳಿಹಾಕಿತು. ನೋಂದಣಿ ಉಳಿದರೂ ರೈತರ ಹಕ್ಕಿನ ಕಲಂ ಕಾಯ್ದೆಯಲ್ಲಿ ಇದ್ದ ಹಾಗೇ ಇದೆ. ಅಂದಹಾಗೆ 2019ರಲ್ಲಿ ಚಿಕ್ಕಮಗಳೂರು ಅರೇಬಿಕಾಕ್ಕೂ ಬಾಬಾಬುಡನ್‌ಗಿರಿ ಅರೇಬಿಕಾಕ್ಕೂ ಸಿಕ್ಕಿದ್ದು ಭೌಗೋಳಿಕ ಸೂಚಕ. ಅದು ಊರಿನ ಹೆಸರನ್ನು ಕಾಯುತ್ತದೆ, ತಂತ್ರಜ್ಞಾನಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ನಮ್ಮ ಫಿಟ್ಟರ್ ನಿಜವಾಗಿಯೂ ಅರ್ಜಿ ಹಾಕಲು ಹೊರಟರೆ? ಕಸಿ ಮಾಡುವ, ಗಿಡ ಕತ್ತರಿಸುವ ವಿಧಾನಕ್ಕೆ ಪೇಟೆಂಟ್ ಇಲ್ಲ, ಕೃಷಿ ವಿಧಾನಗಳನ್ನು ಕಲಂ 3(ಹೆಚ್) ತಳ್ಳಿಹಾಕುತ್ತದೆ. ಯಂತ್ರಕ್ಕೆ ಅಡ್ಡಿಯಿಲ್ಲ. ಅರ್ಜಿ ಕೆಡುವುದು ಹೆಚ್ಚಾಗಿ ಬೇರೆ ಕಾರಣಕ್ಕೆ: ಅರ್ಜಿಗೆ ಮುಂಚೆಯೇ ಯಂತ್ರವನ್ನು ಕೃಷಿ ಮೇಳದಲ್ಲಿ ನಿಲ್ಲಿಸಿ, ವಿಡಿಯೊ ಮಾಡಿ, ನಾಲ್ಕು ಗುಂಪಿಗೆ ಕಳಿಸಿ, ಎರಡು ಮಾರಿಯೂ ಆಗಿರುತ್ತದೆ. ಅಲ್ಲಿಗೆ ಹೊಸತನ ಹೋಯಿತು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಕ್ಕೆ 12 ತಿಂಗಳ ವಿನಾಯಿತಿ ಉಂಟು, ಆದರೆ ಪ್ರತಿ ಮೇಳವೂ ಆ ಪಟ್ಟಿಯಲ್ಲಿರುವುದಿಲ್ಲ. ಮೇಳಕ್ಕೆ ಮೊದಲೇ ತಾತ್ಕಾಲಿಕ ವಿವರಣೆ ಸಲ್ಲಿಸಿ ದಿನಾಂಕ ಹಿಡಿದುಕೊಂಡು, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡುವುದು ಸರಿಯಾದ ಕ್ರಮ. ತಾತ್ಕಾಲಿಕದಲ್ಲಿ ಸ್ಪ್ರಿಂಗಿನ ಮಾತೇ ಇಲ್ಲದಿದ್ದರೆ ಸ್ಪ್ರಿಂಗಿಗೆ ಆ ದಿನಾಂಕ ಸಿಗುವುದಿಲ್ಲ, ಆದ್ದರಿಂದ ಅವಸರದಲ್ಲಿ ಅರ್ಧ ಪುಟ ಗೀಚಿ ಕಳಿಸಬಾರದು.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ, ಎಲ್ಲವೂ ಆನ್‌ಲೈನ್. ವ್ಯಕ್ತಿ, ಸ್ಟಾರ್ಟ್‌ಅಪ್, ಸಣ್ಣ ಉದ್ದಿಮೆಗೆ ಅರ್ಜಿ ಶುಲ್ಕ 1,600 ರೂಪಾಯಿ. 30 ಪುಟ, 10 ಕ್ಲೇಮ್ ದಾಟಿದರೆ ಪ್ರತಿ ಪುಟಕ್ಕೆ 160, ಪ್ರತಿ ಕ್ಲೇಮಿಗೆ 320. ಪರೀಕ್ಷೆಗೆ ಪ್ರತ್ಯೇಕ ಕೋರಿಕೆ ಕೊಡಬೇಕು, ಅದಕ್ಕೆ 4,000. ಅರ್ಜಿ ಹಾಕಿದರೆ ಅದೇ ತಾನಾಗಿ ಮುಂದೆ ಹೋಗುತ್ತದೆ ಎಂದು ಸುಮ್ಮನೆ ಕೂತವರ ಅರ್ಜಿ ಸತ್ತುಹೋಗುತ್ತದೆ. 2024ರ ನಿಯಮದಂತೆ ಹೊಸ ಅರ್ಜಿಗಳಿಗೆ ಪರೀಕ್ಷೆ ಕೋರುವ ಗಡುವು 48 ತಿಂಗಳಿಂದ 31ಕ್ಕೆ ಇಳಿದಿದೆ. ಪರೀಕ್ಷಾ ವರದಿಗೆ ಆರು ತಿಂಗಳಲ್ಲಿ ಉತ್ತರಿಸಬೇಕು. ಮಂಜೂರಾದ ಮೇಲೆ, ಅರ್ಜಿ ಹಾಕಿದ ದಿನದಿಂದ ಎಣಿಸಿದ ಮೂರನೇ ವರ್ಷದಿಂದ ನವೀಕರಣ: ಆರನೇ ವರ್ಷದವರೆಗೆ ವರ್ಷಕ್ಕೆ 800, ಹತ್ತರವರೆಗೆ 2,400, ಹದಿನೈದರವರೆಗೆ 4,800, ಆಮೇಲೆ 8,000. ಇಪ್ಪತ್ತು ವರ್ಷಕ್ಕೆ ನವೀಕರಣವೇ 76,800 ರೂಪಾಯಿ. ಕ್ಲೇಮ್ ಬರೆಸಲು ಪೇಟೆಂಟ್ ಏಜೆಂಟರಿಗೆ ಕೊಡುವುದು ಇದರ ಹೊರಗೆ, ಮತ್ತು ಅಲ್ಲಿ ಉಳಿತಾಯ ಮಾಡಬಾರದು.

ಇಷ್ಟು ಖರ್ಚು ಮಾಡಿದರೂ ನಕಲು ಮಾಡಿದವನನ್ನು ಸರ್ಕಾರ ಹಿಡಿದುಕೊಡುವುದಿಲ್ಲ. ದಾವೆ ಹೂಡಬೇಕಾದವರು ಪೇಟೆಂಟ್ ಇದ್ದವರೇ. ಜಿಲ್ಲಾ ನ್ಯಾಯಾಲಯದಲ್ಲಿ ಹೂಡಬಹುದು, ಆದರೆ ಎದುರಾಳಿ "ಈ ಪೇಟೆಂಟೇ ಸಿಂಧುವಲ್ಲ" ಎಂದು ಪ್ರತಿದಾವೆ ಹಾಕಿದರೆ ಪ್ರಕರಣ ಹೈಕೋರ್ಟಿಗೆ ಹೋಗುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಪಲ್ಪರ್ ಮಾರುವ ವರ್ಕ್‌ಶಾಪಿಗೆ ಇದು ಲೆಕ್ಕಕ್ಕೆ ಕೂರುವುದಿಲ್ಲ. ಜರ್ಮನಿಯಲ್ಲಿ 1891ರಿಂದಲೂ ಸಣ್ಣ ಸುಧಾರಣೆಗಳಿಗೆಂದೇ ಕಡಿಮೆ ಖರ್ಚಿನ ಕಿರುಪೇಟೆಂಟ್ ಇದೆ, ಈಗ ಅದರ ಅವಧಿ ಹತ್ತು ವರ್ಷ. ಚೀನಾದಲ್ಲೂ ಇದೆ. ನಮ್ಮಲ್ಲಿ ಇಲ್ಲ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ನಡೆಯುವ ಸುಧಾರಣೆಗಳಲ್ಲಿ ಹೆಚ್ಚಿನವು ಈ ಅಳತೆಯವು, ಅವಕ್ಕೆ 20 ವರ್ಷದ ಪೇಟೆಂಟ್ ಅಂಗಿ ದೊಡ್ಡದಾಯಿತು. ಯಂತ್ರದ ಆಕಾರ ಮುಖ್ಯವಾಗಿದ್ದರೆ ಡಿಸೈನ್ ನೋಂದಣಿ ಸಾಕು, 10 ವರ್ಷ, ಮತ್ತೆ 5 ವರ್ಷ ವಿಸ್ತರಣೆ.

ಅರ್ಜಿ ಹಾಕುವುದಕ್ಕಿಂತ ಬೇರೆಯವರ ಪೇಟೆಂಟ್ ಓದುವುದರಲ್ಲೇ ಸಣ್ಣ ವರ್ಕ್‌ಶಾಪಿಗೆ ಹೆಚ್ಚು ಲಾಭ ಎನ್ನುವುದು ನಮ್ಮ ಅಭಿಪ್ರಾಯ. ಪೇಟೆಂಟ್ ಆಯಾ ದೇಶದೊಳಗೆ ಮಾತ್ರ ನಡೆಯುತ್ತದೆ. ಬ್ರೆಜಿಲ್‌ನಲ್ಲೋ ಕೊಲಂಬಿಯಾದಲ್ಲೋ ಪಡೆದು ಭಾರತದಲ್ಲಿ ಅರ್ಜಿ ಹಾಕದ ಪಲ್ಪರ್ ಇಲ್ಲಿ ಯಾರು ಬೇಕಾದರೂ ಮಾಡಬಹುದು, ಹಕ್ಕಿರುವ ದೇಶಕ್ಕೆ ರಫ್ತು ಮಾತ್ರ ಮಾಡುವಂತಿಲ್ಲ. ಅವಧಿ ಮುಗಿದದ್ದು ಎಲ್ಲರದು. ನವೀಕರಣ ಕಟ್ಟದೆ ಬಿದ್ದುಹೋದದ್ದೂ ಹಾಗೆಯೇ, ಆದರೆ 18 ತಿಂಗಳೊಳಗೆ ಅದನ್ನು ಮತ್ತೆ ಜೀವಂತ ಮಾಡಿಸಿಕೊಳ್ಳಲು ಅವಕಾಶ ಇರುವುದರಿಂದ ಅಷ್ಟು ದಿನ ಕಾಯುವುದು ಕ್ಷೇಮ. ಕರಗಿದ ಪ್ಲಾಸ್ಟಿಕ್ಕನ್ನು ಪದರಪದರವಾಗಿ ಇಡುವ 3ಡಿ ಮುದ್ರಣಕ್ಕೆ ಸ್ಕಾಟ್ ಕ್ರಂಪ್ 1989ರಲ್ಲಿ ಅಮೆರಿಕದಲ್ಲಿ ಹಾಕಿದ ಅರ್ಜಿಯ ಪೇಟೆಂಟ್ 2009ರಲ್ಲಿ ಮುಗಿಯಿತು. ಅದಾದ ಮೇಲೆಯೇ ಮೇಜಿನ ಮೇಲಿಡುವ ಅಗ್ಗದ ಯಂತ್ರಗಳು ಬಂದವು. ಇಂದು ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ನಲ್ಲಿ ಗೇರಿನ ಮಾದರಿ ಅಚ್ಚಾಗುತ್ತಿರುವುದು ಆ ಮುಗಿದ ಪೇಟೆಂಟಿನ ಫಲ.

ಹುಡುಕುವುದಕ್ಕೆ ದುಡ್ಡು ಬೇಡ. ಭಾರತದ ಪೇಟೆಂಟ್ ಕಚೇರಿಯ ಇನ್‌ಪಾಸ್, ಯುರೋಪಿನ ಎಸ್ಪಾಸ್‌ನೆಟ್, ಗೂಗಲ್ ಪೇಟೆಂಟ್ಸ್ ಮೂರೂ ಉಚಿತ. ಪದ ಹಾಕಿ ಹುಡುಕಿದರೆ ಅರ್ಧ ತಪ್ಪಿಹೋಗುತ್ತದೆ, ಒಬ್ಬ ತಟ್ಟೆ ಎಂದದ್ದನ್ನು ಇನ್ನೊಬ್ಬ ಫಲಕ ಎಂದಿರುತ್ತಾನೆ. ಪೇಟೆಂಟ್ ಕಚೇರಿಗಳು ವಿಷಯವಾರು ಕೊಡುವ ವರ್ಗ ಸಂಖ್ಯೆ ಹಿಡಿಯಿರಿ: ಕಾಫಿ-ಚಹಾಕ್ಕೆ ಎ23ಎಫ್, ಕೊಯ್ದ ಹಣ್ಣು-ತರಕಾರಿ ಸಂಸ್ಕರಿಸುವ ಯಂತ್ರಗಳಿಗೆ ಎ23ಎನ್, ಒಕ್ಕಣೆಗೆ ಎ01ಎಫ್. ಮೆಣಸು ಬಿಡಿಸುವ ಯಂತ್ರ ಮಾಡುವವರು ಕೊನೆಯ ಎರಡನ್ನೂ ನೋಡಬೇಕು. ಸಿಕ್ಕಿದ ದಾಖಲೆಯಲ್ಲಿ ಮೊದಲು ಕ್ಲೇಮ್ ಒಂದನ್ನು ಓದಿ, ಆಮೇಲೆ ಕಾನೂನು ಸ್ಥಿತಿ ನೋಡಿ. ಬೇರೊಬ್ಬರ ಅರ್ಜಿ ಇನ್ನೂ ಮಂಜೂರಾಗಿಲ್ಲದಿದ್ದು, ಅದರಲ್ಲಿರುವುದು ಊರಲ್ಲೆಲ್ಲ ಹಳೆಯದಾಗಿದ್ದರೆ ಯಾರು ಬೇಕಾದರೂ ಪೂರ್ವ ಆಕ್ಷೇಪಣೆ ಸಲ್ಲಿಸಬಹುದು. ದಿನಾಂಕ ಇರುವ ಬಿಲ್ಲು, ಫೋಟೊ, ಹಳೆಯ ಕರಪತ್ರ ಇವೇ ಸಾಕ್ಷಿ, ಆದ್ದರಿಂದ ಹಳೆಯ ಬಿಲ್‌ಬುಕ್ಕನ್ನು ರದ್ದಿಗೆ ಹಾಕಬೇಡಿ. ಮಂಜೂರಾಗಿ ಪ್ರಕಟವಾದ ಮೇಲೂ ಒಂದು ವರ್ಷದೊಳಗೆ ಹಿತಾಸಕ್ತಿ ಇರುವವರು ವಿರೋಧಿಸಬಹುದು.

ಒಂದು ದಿನ ವರ್ಕ್‌ಶಾಪಿಗೆ ವಕೀಲರ ನೋಟಿಸ್ ಬಂದರೆ ಗಾಬರಿಯಲ್ಲಿ ತಯಾರಿಕೆ ನಿಲ್ಲಿಸುವುದೂ ಬೇಡ, ಹರಿದು ಎಸೆಯುವುದೂ ಬೇಡ. ಅದರಲ್ಲಿ ಪೇಟೆಂಟ್ ಸಂಖ್ಯೆ ಇದೆಯೇ, ಬರೀ ಅರ್ಜಿ ಸಂಖ್ಯೆಯೇ? 'ಪೇಟೆಂಟ್ ಪೆಂಡಿಂಗ್' ಎಂಬ ಚೀಟಿಯಿಂದ ದಾವೆ ಹೂಡಲಾಗದು, ಮಂಜೂರಾದ ಮೇಲೆಯೇ. ಆದರೆ ಮಂಜೂರಾದರೆ ಅರ್ಜಿ ಪ್ರಕಟವಾದ ದಿನದಿಂದಲೂ ಪರಿಹಾರ ಕೇಳಬಹುದು ಎನ್ನುವುದು ನೆನಪಿರಲಿ. ಪೇಟೆಂಟ್ ಇಲ್ಲದೆಯೇ ಇದೆ ಎಂದು ಯಂತ್ರದ ಮೇಲೆ ಬರೆದುಕೊಂಡಿದ್ದರೆ ಅದು ಕಲಂ 120ರಡಿ 10 ಲಕ್ಷ ರೂಪಾಯಿವರೆಗೆ ದಂಡ ಬೀಳುವ ತಪ್ಪು. ಪೇಟೆಂಟ್ ನಿಜವಾಗಿಯೂ ಇದ್ದರೆ ಮೊದಲ ಕ್ಲೇಮನ್ನು ಅಂಶ ಅಂಶವಾಗಿ ಬಿಡಿಸಿ ಒಂದು ಕಡೆ ಬರೆಯಿರಿ, ಎದುರಿಗೆ ನಿಮ್ಮ ಯಂತ್ರದಲ್ಲಿ ಅದು ಇದೆಯೇ ಇಲ್ಲವೇ ಬರೆಯಿರಿ, ಆ ಹಾಳೆಯೊಂದಿಗೆ ವಕೀಲರ ಹತ್ತಿರ ಹೋಗಿ. ಒಂದು ಅಂಶ ನಿಜವಾಗಿಯೂ ಹೊಂದದಿದ್ದರೂ ಬೆದರಿಕೆ ಮುಂದುವರಿದರೆ, ಕಲಂ 106ರಡಿ ನೀವೇ ಕೋರ್ಟಿಗೆ ಹೋಗಿ ತಡೆಯಾಜ್ಞೆ ಮತ್ತು ಆದ ನಷ್ಟಕ್ಕೆ ಪರಿಹಾರ ಕೇಳಬಹುದು.